ಅರವಿಂದ ಮಾಲಗತ್ತಿ

ಅರವಿಂದ ಮಾಲಗತ್ತಿ (ಜನನ: 1956ರ ಮೇ 1) ಕನ್ನಡದ ಕವಿ, ಕಾದಂಬರಿಕಾರ, ಜಾನಪದ ವಿದ್ವಾಂಸ ಹಾಗೂ ದಲಿತ ಸಾಹಿತ್ಯದ ವಿಮರ್ಶಕ. ವಿಜಯಪುರ ಜಿಲ್ಲೆಯ ಮುದ್ದೇಬಿಹಾಳದವರು. ಮೊದಲು ಮಂಗಳೂರು ವಿಶ್ವವಿದ್ಯಾಲಯದಲ್ಲಿಯೂ ಅನಂತರ ಮೈಸೂರು ವಿಶ್ವವಿದ್ಯಾಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿಯೂ ಅಧ್ಯಾಪಕರಾಗಿದ್ದರು. ಆ ಸಂಸ್ಥೆಯ ನಿರ್ದೇಶಕರಾಗಿಯೂ ಕಾರ್ಯ ನಿರ್ವಹಿಸಿದರು. 1994ರಲ್ಲಿ ಪ್ರಕಟವಾದ ‘ಗೌರ್ಮೆಂಟ್ ಬ್ರಾಹ್ಮಣ’ ಇವರ ಪ್ರಸಿದ್ಧ ಕೃತಿ. ಕನ್ನಡದ ಮೊದಲ ದಲಿತ ಆತ್ಮಕಥನವೆಂದು ಇದನ್ನು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಶಾಲೆ, ವಿದ್ಯಾರ್ಥಿನಿಲಯ, ವಿಶ್ವವಿದ್ಯಾಲಯ ಮತ್ತು ಕಚೇರಿಗಳಲ್ಲಿ ಜಾತಿ ಹೇಗೆ ವರ್ತಿಸುತ್ತದೆ ಎಂಬುದು ಇವರ ಸೃಜನಶೀಲ ಬರಹಕ್ಕೂ ಸಂಶೋಧನೆಗೂ ಸಮಾನವಾದ ವಸ್ತು.

ಹುಟ್ಟಿದ ಸೀಮೆ

ಮಾಲಗತ್ತಿಯವರು ಹುಟ್ಟಿದಾಗ ಮುದ್ದೇಬಿಹಾಳವು ಮುಂಬಯಿ ರಾಜ್ಯದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಆರು ತಿಂಗಳ ಬಳಿಕ, 1956ರ ನವೆಂಬರ್ 1ರಂದು, ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಬಾಗಲಕೋಟೆ ಬೇರೆಯಾದ ಮೇಲೆ ವಿಜಯಪುರ ಜಿಲ್ಲೆಯಲ್ಲಿ ಉಳಿದ ತಾಲ್ಲೂಕುಗಳು ಐದು: ವಿಜಯಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ. ಇವುಗಳನ್ನು ಒಡೆದು ತಾಳಿಕೋಟೆ, ಚಡಚಣ, ದೇವರಹಿಪ್ಪರಗಿ, ನಿಡಗುಂದಿ ಮೊದಲಾದ ಹೊಸ ತಾಲ್ಲೂಕುಗಳನ್ನು ಮಾಡಿದ್ದು ಈಚೆಗೆ.

ಜಾತಿಯ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಹುಟ್ಟಿನ ಮೇಲುಕೀಳನ್ನು ಪ್ರಶ್ನಿಸಿದ ಬಸವಣ್ಣನವರು ಜನಿಸಿದ್ದು ಬಾಗೇವಾಡಿಯಲ್ಲಿ. ಊರಿನ ಹೆಸರಿಗೇ ಅವರ ಹೆಸರು ಸೇರಿಕೊಂಡಿದೆ. ವಚನಗಳ ಸಂಶೋಧನೆಗೆ ಬದುಕನ್ನು ಮುಡಿಪಿಟ್ಟ ಎಂ. ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನವರು. ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ ಮತ್ತು ಅವರ ಗೆಳೆಯರು ಹೆಂಗಸರ ಬಾಯಲ್ಲಿದ್ದ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಇಷ್ಟೆಲ್ಲ ಇದ್ದೂ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇಲ್ಲಿನ ಊರು ಮತ್ತು ಕೇರಿಗಳ ನಡುವಣ ಗೆರೆ ಅಳಿದಿರಲಿಲ್ಲ. ಮಾಲಗತ್ತಿಯವರ ಬರಹವನ್ನು ಈ ಎರಡೂ ಸಂಗತಿಗಳ ಬೆಳಕಿನಲ್ಲಿ ಓದಬೇಕಾಗುತ್ತದೆ.

ಶಾಲೆಯ ಬಾಗಿಲು: ಹಿನ್ನೆಲೆ

ಹಿಂದುಳಿದವರಿಗೆ ಸರ್ಕಾರಿ ಉದ್ಯೋಗದಲ್ಲಿ ಪಾಲು ಎಂಬ ವಿಷಯ ಬಂದಾಗ ನಮ್ಮ ಪಠ್ಯಪುಸ್ತಕಗಳು 1918ರ ಮಿಲ್ಲರ್ ಸಮಿತಿಯನ್ನು ಹೆಸರಿಸುತ್ತವೆ. ಅದು ಮಹಾರಾಜರ ಮೈಸೂರಿನ ಇತಿಹಾಸ. ಬಿಜಾಪುರ ಜಿಲ್ಲೆಯ ಇತಿಹಾಸ ಮುಂಬಯಿ ಪ್ರಾಂತದ್ದು. ಸಾರ್ವಜನಿಕ ಬಾವಿ, ಧರ್ಮಶಾಲೆ, ಶಾಲೆ ಮತ್ತು ದವಾಖಾನೆಗಳನ್ನು ಅಸ್ಪೃಶ್ಯರು ಬಳಸಲು ಅವಕಾಶವಿರಬೇಕೆಂಬ ಎಸ್. ಕೆ. ಬೋಲೆಯವರ ಠರಾವನ್ನು ಮುಂಬಯಿ ವಿಧಾನ ಪರಿಷತ್ತು ಅಂಗೀಕರಿಸಿದ್ದು 1923ರಲ್ಲಿ. ಠರಾವು ಕಾಗದದಲ್ಲಿ ಉಳಿಯಿತೆಂಬುದಕ್ಕೆ ನಾಲ್ಕು ವರ್ಷಗಳ ಅನಂತರ ನಡೆದ ಮಹಾಡದ ಕೆರೆ ಸತ್ಯಾಗ್ರಹವೇ ಸಾಕ್ಷಿ. ಡಾ. ಬಿ. ಆರ್. ಅಂಬೇಡ್ಕರ್ ಅವರ ಬಹಿಷ್ಕೃತ ಹಿತಕಾರಿಣಿ ಸಭೆಯು 1925ರಲ್ಲಿ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯವೊಂದನ್ನು ತೆರೆಯಿತು. ಸೊಲ್ಲಾಪುರವು ಇಂಡಿಯ ಗಡಿಗೆ ಹತ್ತಿರದ ಪಟ್ಟಣ. ಆ ಕಾಲದಲ್ಲಿ ಈ ಭಾಗದ ಜನ ದುಡಿಮೆಗೂ ಸಂತೆಗೂ ಅಲ್ಲಿಗೆ ಹೋಗುತ್ತಿದ್ದರು.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಆರಂಭವಾಯಿತು. ಅದರ ಹಿಂದಿನ ವರ್ಷ, ಅಂಬೇಡ್ಕರ್ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, ಕೇಂದ್ರದ ಸೇವೆಗಳಲ್ಲಿ ಶೇಕಡಾ 8⅓ರಷ್ಟು ಹುದ್ದೆಗಳನ್ನು ಈ ವರ್ಗಕ್ಕೆ ಕಾದಿರಿಸಲಾಯಿತು. 1950ರಲ್ಲಿ ಸಂವಿಧಾನ ಜಾರಿಗೆ ಬಂದಿತು. ಅದರ 16(4)ನೆಯ ವಿಧಿ ಉದ್ಯೋಗದಲ್ಲಿ ಮೀಸಲಾತಿಗೆ ಅವಕಾಶ ಕೊಟ್ಟಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1951ರ ಮೊದಲ ತಿದ್ದುಪಡಿಯ ಮೂಲಕ ಸೇರಿದ 15(4)ನೆಯ ವಿಧಿ ಶಿಕ್ಷಣದ ವಿಶೇಷ ಸೌಲಭ್ಯಗಳಿಗೆ ಆಧಾರವಾಯಿತು. ಮಾಲಗತ್ತಿಯವರು ಹುಟ್ಟುವ ಹಿಂದಿನ ವರ್ಷ, 1955ರಲ್ಲಿ, ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದಿತು. ಎಂದರೆ, ಶಾಲೆಯ ಬಾಗಿಲು ಕಾನೂನಿನ ಪ್ರಕಾರ ಪೂರ್ತಿಯಾಗಿ ತೆರೆದ ಮೇಲೆ ಅದರೊಳಗೆ ಹೋದ ಮೊದಲ ತಲೆಮಾರಿನ ದಲಿತ ಮಕ್ಕಳಲ್ಲಿ ಇವರೂ ಒಬ್ಬರು. ಆ ಬಾಗಿಲಿನ ಒಳಗೆ ಏನಾಯಿತು ಎಂಬುದನ್ನು ಬರೆದಿಟ್ಟವರು ಕಡಿಮೆ.

ವಿದ್ಯಾಭ್ಯಾಸ ಮತ್ತು ವೃತ್ತಿ

ಮುದ್ದೇಬಿಹಾಳದ ದಲಿತ ಕುಟುಂಬವೊಂದರಲ್ಲಿ ಬೆಳೆದ ಮಾಲಗತ್ತಿಯವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಅಧ್ಯಯನ ಮಾಡಿದರು. ಅಲ್ಲಿಂದ ಮಂಗಳೂರು ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಅಧ್ಯಾಪಕರಾಗಿ ಬಂದರು. ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದುದು 1980ರಲ್ಲಿ. ಬಯಲುಸೀಮೆಯ ಜೋಳದ ಹೊಲಗಳಿಂದ ಬಂದವರಿಗೆ ಕರಾವಳಿಯ ತುಳು ಸಂಸ್ಕೃತಿ ಹೊಸ ಲೋಕ. ಆ ಲೋಕದ ದೈವಾರಾಧನೆ ಮತ್ತು ಆಟಿ ತಿಂಗಳ ಆಚರಣೆಗಳನ್ನು ಅವರು ಅಧ್ಯಯನದ ವಸ್ತುವಾಗಿಸಿಕೊಂಡರು. ಮುಂದೆ ಮೈಸೂರಿಗೆ ಬಂದು ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. 1966ರಲ್ಲಿ ಆರಂಭವಾದ ಈ ಸಂಸ್ಥೆ ಕನ್ನಡ ಸಂಶೋಧನೆಯ ಹಿರಿಯ ಕೇಂದ್ರಗಳಲ್ಲೊಂದು; ಕೇರಿಯಿಂದ ಬಂದವರೊಬ್ಬರು ಅದರ ನಿರ್ದೇಶಕರ ಸ್ಥಾನಕ್ಕೆ ಏರಿದ್ದು ಗಮನಾರ್ಹ.

ದಲಿತ ಚಳವಳಿ ಮತ್ತು ಮೊದಲ ಬರಹಗಳು

ಮಾಲಗತ್ತಿಯವರು ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿನಲ್ಲಿ ಕರ್ನಾಟಕದಲ್ಲಿ ದಲಿತ ಚಳವಳಿ ರೂಪು ತಳೆಯುತ್ತಿತ್ತು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ‘ಬೂಸಾ’ ಎಂಬರ್ಥದ ಮಾತನ್ನಾಡಿದರೆಂದು ರಾಜ್ಯದಾದ್ಯಂತ ಗಲಭೆಯೆದ್ದಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಸಚಿವರು ರಾಜೀನಾಮೆ ಕೊಡಬೇಕಾಯಿತು. ಈ ಪ್ರಕರಣದ ಬೆನ್ನಿಗೆ ಬಿ. ಕೃಷ್ಣಪ್ಪ ಮೊದಲಾದವರ ನೇತೃತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು.

ಈ ವಾತಾವರಣದಲ್ಲಿ ಮಾಲಗತ್ತಿಯವರ ಮೊದಲ ಕವನ ಸಂಕಲನ ‘ಮೂಕನಿಗೆ ಬಾಯಿ ಬಂದಾಗ’ 1982ರಲ್ಲಿ ಪ್ರಕಟವಾಯಿತು. ಹೆಸರಿನಲ್ಲಿಯೇ ಅಂಬೇಡ್ಕರ್ ಅವರ ‘ಮೂಕನಾಯಕ’ ಪತ್ರಿಕೆಯ ನೆನಪು ಸುಳಿಯುತ್ತದೆ. 1985ರ ‘ಕಪ್ಪು ಕಾವ್ಯ’ ಎಂಬ ಹೆಸರು ಓದುಗರ ಮನಸ್ಸನ್ನು ಅಮೆರಿಕದ ಕರಿಯರ ಕಾವ್ಯದ ಕಡೆಗೆ ಒಯ್ಯುತ್ತದೆ. ಆ ನಂಟು ಆ ಕಾಲಕ್ಕೆ ಸಹಜವಾಗಿತ್ತು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಸಂಘಟನೆ ತನ್ನ ಹೆಸರನ್ನು ಪಡೆದದ್ದೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಪಕ್ಷದಿಂದ. 1988ರಲ್ಲಿ ಬಂದ ‘ಕಾರ್ಯ’ ಕಾದಂಬರಿಯು ಕೇರಿಯಲ್ಲಿ ನಡೆದ ಒಂದು ಸಾವಿನ ಮೂರನೆಯ ದಿನದ ಕರ್ಮದ ಸುತ್ತ ಹೆಣೆದುಕೊಂಡಿದೆ. ಉತ್ತರ ಕರ್ನಾಟಕದ ಆಡುಮಾತನ್ನು ಅದರ ಎಲ್ಲ ಒರಟುತನದೊಂದಿಗೆ ಬಳಸಿದ ಈ ಸಣ್ಣ ಕಾದಂಬರಿ ಬಹುಕಾಲ ‘ಗೌರ್ಮೆಂಟ್ ಬ್ರಾಹ್ಮಣ’ದ ನೆರಳಿನಲ್ಲಿ ಉಳಿಯಿತು. ಸುಶೀಲಾ ಪುನೀತಾ ಅವರ ಇಂಗ್ಲಿಷ್ ಅನುವಾದ ಬಂದ ಮೇಲೆ ಅದಕ್ಕೆ ಹೊಸ ಓದುಗರು ದೊರೆತಿದ್ದಾರೆ.

ಗೌರ್ಮೆಂಟ್ ಬ್ರಾಹ್ಮಣ

ಶೀರ್ಷಿಕೆಯ ಅರ್ಥ

‘ಗೌರ್ಮೆಂಟ್ ಬ್ರಾಹ್ಮಣ’ ಎಂಬುದು ಲೇಖಕರು ತಮಗೆ ತಾವೇ ಕೊಟ್ಟುಕೊಂಡ ಬಿರುದಲ್ಲ. ಮೀಸಲಾತಿಯಿಂದ ವಿದ್ಯೆ ಅಥವಾ ನೌಕರಿ ಪಡೆದ ದಲಿತರನ್ನು ಕುರಿತು ಮೇಲ್ಜಾತಿಯವರು ಆಡುತ್ತಿದ್ದ ಕುಹಕದ ಮಾತು ಅದು. ಹಿಂದೆ ಹುಟ್ಟಿನಿಂದ ಬ್ರಾಹ್ಮಣರಿಗಿದ್ದ ಸವಲತ್ತನ್ನು ಈಗ ಸರ್ಕಾರ ಇವರಿಗೆ ಕೊಟ್ಟಿದೆ, ಆದುದರಿಂದ ಇವರು ಸರ್ಕಾರ ಮಾಡಿದ ಬ್ರಾಹ್ಮಣರು ಎಂಬುದು ಅದರ ತಾತ್ಪರ್ಯ. ಕೇಳುವುದಕ್ಕೆ ತಮಾಷೆ; ಒಳಗೆ ಮೂರು ಆರೋಪಗಳಿವೆ. ಈ ಮನುಷ್ಯನಿಗೆ ಯೋಗ್ಯತೆಯಿಲ್ಲ, ಇವನಿಗೆ ಸಿಕ್ಕಿದ್ದು ದಾನ, ಇವನು ಈಗ ನಮಗಿಂತ ಸುಖಿ. ಲೇಖಕರು ಈ ಬೈಗುಳನ್ನು ಎತ್ತಿಕೊಂಡು ಪುಸ್ತಕದ ಮುಖಪುಟಕ್ಕೆ ಅಂಟಿಸಿದರು. ಒಳಗಿನ ಪುಟಗಳನ್ನು ಓದಿದವರಿಗೆ ಆ ‘ಬ್ರಾಹ್ಮಣ’ನು ಅನುಭವಿಸಿದ ಸವಲತ್ತು ಯಾವ ಬಗೆಯದು ಎಂದು ತಿಳಿಯುತ್ತದೆ.

ಪ್ರಕಟಣೆಯ ಕಾಲವನ್ನೂ ಗಮನಿಸಬೇಕು. 1990ರ ಆಗಸ್ಟಿನಲ್ಲಿ ವಿ. ಪಿ. ಸಿಂಗ್ ಸರ್ಕಾರವು ಮಂಡಲ್ ಆಯೋಗದ ಶಿಫಾರಸನ್ನು ಜಾರಿ ಮಾಡುವುದಾಗಿ ಘೋಷಿಸಿತು. ದೇಶದ ಹಲವೆಡೆ ‘ಅರ್ಹತೆ’ಯ ಹೆಸರಿನಲ್ಲಿ ಉಗ್ರ ಪ್ರತಿಭಟನೆಗಳಾದವು. 1992ರ ನವೆಂಬರ್ 16ರಂದು ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಮೀಸಲಾತಿಯನ್ನು ಎತ್ತಿಹಿಡಿದು, ಒಟ್ಟು ಪ್ರಮಾಣಕ್ಕೆ ಶೇಕಡಾ 50ರ ಮಿತಿಯನ್ನು ಹಾಕಿತು. ಕರ್ನಾಟಕದಲ್ಲಿ ಈ ವಾದ ಇನ್ನೂ ಹಳೆಯದು. ದೇವರಾಜ ಅರಸು ಅವರ ಸರ್ಕಾರ 1972ರಲ್ಲಿ ನೇಮಿಸಿದ ಎಲ್. ಜಿ. ಹಾವನೂರ ಆಯೋಗ 1975ರಲ್ಲಿ ವರದಿ ಕೊಟ್ಟಂದಿನಿಂದ ಯಾರು ಹಿಂದುಳಿದವರು ಎಂಬ ಚರ್ಚೆ ವೆಂಕಟಸ್ವಾಮಿ ಆಯೋಗ, ಚಿನ್ನಪ್ಪ ರೆಡ್ಡಿ ಆಯೋಗಗಳವರೆಗೆ ಎಡೆಬಿಡದೆ ನಡೆದಿತ್ತು. ಆ ಚರ್ಚೆಯಲ್ಲಿ ಶೇಕಡಾವಾರುಗಳಿದ್ದವು, ಪಟ್ಟಿಗಳಿದ್ದವು, ನ್ಯಾಯಾಲಯದ ತೀರ್ಪುಗಳಿದ್ದವು. ಮೀಸಲಾತಿಯ ಮೂಲಕ ಒಳಗೆ ಬಂದವನ ದಿನಚರಿ ಇರಲಿಲ್ಲ. ಆ ಕೊರತೆಯನ್ನು ಈ ಪುಸ್ತಕ ತುಂಬಿತು.

ಸ್ವರೂಪ ಮತ್ತು ವಸ್ತು

ಇದು ಹುಟ್ಟಿನಿಂದ ಆರಂಭಿಸಿ ವರ್ಷಾನುಕ್ರಮದಲ್ಲಿ ಸಾಗುವ ಆತ್ಮಚರಿತ್ರೆಯಲ್ಲ. ಬದುಕಿನ ಕೆಲವೇ ಪುಟಗಳನ್ನು ಬಿಡಿಬಿಡಿಯಾಗಿ ತೆರೆದು ತೋರಿಸುವ ಪ್ರಸಂಗಗಳ ಸಂಕಲನ. ಶವಯಾತ್ರೆಯಲ್ಲಿ ಹೆಣದ ಮೇಲೆ ತೂರಿದ ನಾಣ್ಯಗಳನ್ನು ಆಯುವ ಮಕ್ಕಳು, ಮದುವೆಯೂಟದ ಆಸೆ, ತರಗತಿಯಲ್ಲಿ ದಲಿತ ಮಕ್ಕಳನ್ನು ಬೇರೆಯಾಗಿ ಕಾಣುವ ರೀತಿ, ಓಕುಳಿಯ ಹಬ್ಬದಲ್ಲಿ ದಲಿತ ಹೆಣ್ಣುಮಕ್ಕಳು ಸಹಿಸಬೇಕಾದ ಅವಮಾನ, ಮೇಲ್ಜಾತಿಯ ಹುಡುಗಿಯೊಂದಿಗಿನ ಪ್ರೇಮ ಮತ್ತು ಅದರ ಸೋಲು ಇವೆಲ್ಲ ಇಲ್ಲಿ ಬರುತ್ತವೆ. ಎಮ್ಮೆ ಕೋಣಗಳ ಪ್ರಸಂಗ ವಿಮರ್ಶಕರ ಗಮನವನ್ನು ವಿಶೇಷವಾಗಿ ಸೆಳೆದಿದೆ. ಒಡೆಯನ ಜಾತಿಯೇ ಅವನ ದನಕ್ಕೂ ಅಂಟುತ್ತದೆ ಎಂಬ ವಿಪರೀತವನ್ನು ಲೇಖಕರು ಅಲ್ಲಿ ವ್ಯಾಖ್ಯಾನವಿಲ್ಲದೆ ಹೇಳುತ್ತಾರೆ.

ನಿರೂಪಣೆಯಲ್ಲಿ ಅಳಲಿಗಿಂತ ವ್ಯಂಗ್ಯ ಹೆಚ್ಚು. ಮಗುವಿನ ಕಣ್ಣಿಗೆ ಕಂಡದ್ದನ್ನು ಮಗುವಿನ ಕುತೂಹಲದಿಂದಲೇ ಬರೆದು, ಅದರ ಅರ್ಥವನ್ನು ಓದುಗರು ತಾವೇ ತಡವಾಗಿ ಕಂಡುಕೊಳ್ಳುವಂತೆ ಮಾಡುವುದು ಲೇಖಕರ ಕ್ರಮ. ಬಡತನದ ಕಥೆ ಹೇಳುವ ಪುಸ್ತಕಗಳು ಕನ್ನಡದಲ್ಲಿ ಹಿಂದೆಯೂ ಇದ್ದವು. ಹಸಿವು ಮತ್ತು ಅವಮಾನ ಒಂದೇ ಅಲ್ಲ, ಹಸಿವು ತೀರಿದ ಮೇಲೂ ಅವಮಾನ ಉಳಿಯಬಲ್ಲದು ಎಂದು ತೋರಿಸಿದ್ದು ಇದರ ಹೊಸತನ. ವಿದ್ಯಾರ್ಥಿವೇತನ ಹಸಿವಿನ ಪ್ರಶ್ನೆಯನ್ನು ಸ್ವಲ್ಪಮಟ್ಟಿಗೆ ಪರಿಹರಿಸಬಹುದು. ಪಕ್ಕದ ಬೆಂಚಿನವನ, ಪಕ್ಕದ ಮೇಜಿನವನ ನೋಟವನ್ನು ಯಾವ ಸರ್ಕಾರಿ ಆದೇಶವೂ ಬದಲಿಸಲಾರದು.

ಪುಸ್ತಕವನ್ನು ಕೇವಲ ‘ನೋವಿನ ದಾಖಲೆ’ಯೆಂದು ಕರೆದು ಮುಗಿಸುವ ಅಭ್ಯಾಸ ನಮ್ಮ ಪರೀಕ್ಷಾ ಟಿಪ್ಪಣಿಗಳಲ್ಲಿದೆ. ಅದು ಪುಸ್ತಕಕ್ಕೆ ಮಾಡುವ ಅನ್ಯಾಯ. ಲೇಖಕರು ತಮ್ಮ ಬಾಲ್ಯದ ಸಣ್ಣತನಗಳನ್ನೂ, ಆಸೆಗಳನ್ನೂ, ಗೆಲುವಿನ ಗಳಿಗೆಗಳನ್ನೂ ಮುಚ್ಚಿಡುವುದಿಲ್ಲ. ಹಲವೆಡೆ ಓದುಗರು ನಗುತ್ತಾರೆ, ನಕ್ಕದ್ದಕ್ಕೆ ನಾಚುತ್ತಾರೆ.

ಮರಾಠಿಯ ನೆರೆ

ಮರಾಠಿಯಲ್ಲಿ ದಲಿತ ಆತ್ಮಕಥನಗಳು ಇದಕ್ಕೂ ಬಹಳ ಮೊದಲೇ ಬಂದಿದ್ದವು. ದಯಾ ಪವಾರರ ‘ಬಲುತಂ’ 1978ರಲ್ಲಿ, ಲಕ್ಷ್ಮಣ ಮಾನೆಯವರ ‘ಉಪರಾ’ 1980ರಲ್ಲಿ, ಶರಣಕುಮಾರ ಲಿಂಬಾಳೆಯವರ ‘ಅಕ್ಕರಮಾಶಿ’ 1984ರಲ್ಲಿ ಪ್ರಕಟವಾದವು. ಲಿಂಬಾಳೆಯವರ ಹನ್ನೂರು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನದು. ಇಂಡಿ ಮತ್ತು ಸಿಂದಗಿಯ ಕಡೆಗೆ ನೆರೆಯ ಸೀಮೆ, ಕನ್ನಡವೂ ಮರಾಠಿಯೂ ಬೆರೆತು ಬಾಳುವ ಪ್ರದೇಶ. ರಾಜ್ಯಗಳ ಗಡಿ 1956ರಲ್ಲಿ ಬೇರೆಯಾದರೂ ಎರಡೂ ಬದಿಯ ಕೇರಿಗಳ ಅನುಭವ ಬೇರೆಯಾಗಲಿಲ್ಲ. ಕನ್ನಡದಲ್ಲಿ ಮಾಲಗತ್ತಿಯವರ ಬಳಿಕ ಸಿದ್ಧಲಿಂಗಯ್ಯನವರ ‘ಊರುಕೇರಿ’ ಬಂದಿತು. ಆ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಿದರೆ ಹಳೆ ಮೈಸೂರಿನ ಮಾಗಡಿ ಸೀಮೆಗೂ ಮುದ್ದೇಬಿಹಾಳಕ್ಕೂ ಇರುವ ಅಂತರ ತಿಳಿಯುತ್ತದೆ. ಸಿದ್ಧಲಿಂಗಯ್ಯನವರ ಹಾಸ್ಯ ಸಡಿಲವಾದದ್ದು, ಮಾಲಗತ್ತಿಯವರದು ಮೊನಚಾದದ್ದು.

ಪುರಸ್ಕಾರ ಮತ್ತು ಅನುವಾದ

ಕೃತಿಗೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನ ದೊರೆಯಿತು. ಧರಣಿದೇವಿ ಮಾಲಗತ್ತಿ, ಜಾನೆಟ್ ವುಸಿನಿಚ್ ಮತ್ತು ಎನ್. ಸುಬ್ರಹ್ಮಣ್ಯ ಅವರು ಮಾಡಿದ ಇಂಗ್ಲಿಷ್ ಅನುವಾದವನ್ನು ಓರಿಯಂಟ್ ಲಾಂಗ್‌ಮನ್ ಸಂಸ್ಥೆ 2007ರಲ್ಲಿ ಪ್ರಕಟಿಸಿತು. ಶೀರ್ಷಿಕೆಯನ್ನು ಅನುವಾದಕರು ಹಾಗೆಯೇ ಉಳಿಸಿಕೊಂಡರು. ಅದರ ಅರ್ಧ ಭಾಗ ಮೊದಲೇ ಇಂಗ್ಲಿಷಿನದಾಗಿತ್ತು. ದಲಿತ ಸಾಹಿತ್ಯವನ್ನು ಬೋಧಿಸುವ ವಿಶ್ವವಿದ್ಯಾಲಯ ವಿಭಾಗಗಳಲ್ಲಿ ಈ ಅನುವಾದ ಬಳಕೆಯಲ್ಲಿದೆ.

ಒಳಗೆ ಬಂದ ಮೇಲೆ: ಉದ್ಯೋಗ ಸ್ಥಳದ ಪ್ರಶ್ನೆ

ಮೀಸಲಾತಿ ಪ್ರವೇಶವನ್ನು ಕೊಡುತ್ತದೆ, ಸಮಾನತೆಯನ್ನು ಕೊಡುತ್ತದೆಯೆ? ಮಾಲಗತ್ತಿಯವರ ಪುಸ್ತಕ ಎತ್ತಿದ ಈ ಪ್ರಶ್ನೆ ಅನಂತರದ ವರ್ಷಗಳಲ್ಲಿ ಅಧಿಕೃತ ಸಮಿತಿಗಳ ಮುಂದೆಯೂ ಬಂದಿತು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳ ಸ್ಥಿತಿಯನ್ನು ಪರಿಶೀಲಿಸಿದ ಸುಖದೇವ ಥೋರಟ್ ಸಮಿತಿ 2007ರಲ್ಲಿ ವರದಿ ನೀಡಿ, ಅಲ್ಲಿನ ತಾರತಮ್ಯವನ್ನು ದಾಖಲಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2012ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸಮತೆಯನ್ನು ಉತ್ತೇಜಿಸುವ ನಿಯಮಾವಳಿಯನ್ನು ಹೊರಡಿಸಿ, ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ ಇರಬೇಕೆಂದಿತು. ನಿಯಮ ಬಂದ ನಾಲ್ಕು ವರ್ಷಗಳ ಬಳಿಕ, 2016ರ ಜನವರಿ 17ರಂದು, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿ ರೋಹಿತ್ ವೇಮುಲನ ಸಾವು ಸಂಭವಿಸಿತು. ಅಂದಿನಿಂದ ಈ ವಿಷಯ ದೇಶದ ಎಲ್ಲ ವಿದ್ಯಾಸಂಸ್ಥೆಗಳಲ್ಲೂ ಚರ್ಚೆಗೆ ಬಂದಿತು.

ಅಧ್ಯಾಪಕ ಹುದ್ದೆಗಳ ವಿಷಯದಲ್ಲಿ ಲೆಕ್ಕದ ರೀತಿಯೇ ನ್ಯಾಯವನ್ನು ನಿರ್ಧರಿಸುತ್ತದೆ ಎಂಬುದಕ್ಕೆ ರೋಸ್ಟರ್ ವಿವಾದ ಒಳ್ಳೆಯ ಉದಾಹರಣೆ. ನೇಮಕಾತಿಯ ಹುದ್ದೆಗಳಿಗೆ ಸರದಿಯ ಸಂಖ್ಯೆ ಕೊಟ್ಟು, ಯಾವ ಸಂಖ್ಯೆಯ ಹುದ್ದೆ ಯಾವ ವರ್ಗಕ್ಕೆ ಎಂದು ಮೊದಲೇ ಗೊತ್ತುಪಡಿಸುವ ಪಟ್ಟಿಗೆ ರೋಸ್ಟರ್ ಎನ್ನುತ್ತಾರೆ. ಇಡೀ ವಿಶ್ವವಿದ್ಯಾಲಯವನ್ನು ಒಂದು ಘಟಕವಾಗಿ ಎಣಿಸುವ 200 ಅಂಶಗಳ ರೋಸ್ಟರ್ ಬಳಕೆಯಲ್ಲಿತ್ತು. 2017ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು ವಿಭಾಗವನ್ನೇ ಘಟಕವಾಗಿ ಎಣಿಸಬೇಕೆಂದು ತೀರ್ಪಿತ್ತಿತು. ಅದರಂತೆ 2018ರ ಮಾರ್ಚಿನಲ್ಲಿ 13 ಅಂಶಗಳ ರೋಸ್ಟರಿಗೆ ಆದೇಶವಾಯಿತು. ಅದರಲ್ಲಿ ಇತರ ಹಿಂದುಳಿದ ವರ್ಗದ ಮೊದಲ ಸರದಿ ನಾಲ್ಕನೆಯ ಹುದ್ದೆಗೆ, ಪರಿಶಿಷ್ಟ ಜಾತಿಯದು ಏಳನೆಯ ಹುದ್ದೆಗೆ, ಪರಿಶಿಷ್ಟ ಪಂಗಡದ್ದು ಹದಿನಾಲ್ಕನೆಯ ಹುದ್ದೆಗೆ. ಆರು ಅಧ್ಯಾಪಕರಿರುವ ವಿಭಾಗವೊಂದರಲ್ಲಿ ಪರಿಶಿಷ್ಟ ಜಾತಿಯ ಒಬ್ಬರಿಗೂ ಮೀಸಲು ಹುದ್ದೆ ಸಿಗುವುದಿಲ್ಲವೆಂದು ಇದರ ಅರ್ಥ; ಭಾಷಾ ವಿಭಾಗಗಳು ಬಹುಮಟ್ಟಿಗೆ ಅಷ್ಟೇ ಚಿಕ್ಕವು. ಶೇಕಡಾ 15ರ ನಿಯಮ ಕಾಗದದಲ್ಲಿ ಹಾಗೆಯೇ ಇದ್ದು, ಎಣಿಕೆಯ ಘಟಕ ಬದಲಾದುದರಿಂದ ಫಲ ಶೂನ್ಯವಾಗುತ್ತಿತ್ತು. ವ್ಯಾಪಕ ವಿರೋಧದ ಮೇಲೆ 2019ರ ಮಾರ್ಚಿನಲ್ಲಿ ಸುಗ್ರೀವಾಜ್ಞೆಯೂ ಅದೇ ವರ್ಷ ಕಾಯಿದೆಯೂ ಬಂದು, ಕೇಂದ್ರೀಯ ಸಂಸ್ಥೆಗಳಲ್ಲಿ ಹಳೆಯ ಪದ್ಧತಿ ಮರಳಿತು. ಕರ್ನಾಟಕ ರಾಜ್ಯದ ಸೇವೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 15 ಮತ್ತು ಪಂಗಡಕ್ಕೆ ಶೇಕಡಾ 3 ಇದ್ದ ಪ್ರಮಾಣವನ್ನು 2022ರಲ್ಲಿ ಕ್ರಮವಾಗಿ 17 ಮತ್ತು 7ಕ್ಕೆ ಏರಿಸಲಾಯಿತು.

ಇಂತಹ ಅಂಕಿಗಳ ಆಚೆಗಿನ ಸಂಗತಿಯೇ ಮಾಲಗತ್ತಿಯವರ ಕ್ಷೇತ್ರ. ಅರ್ಜಿಯಲ್ಲಿ ಬರೆದ ಜಾತಿ ನೇಮಕಾತಿಯ ದಿನಕ್ಕೆ ಮುಗಿಯುವುದಿಲ್ಲ. ಬಾಡಿಗೆ ಮನೆ ಕೇಳುವಾಗ, ಬಡ್ತಿಯ ಸಮಯದಲ್ಲಿ, ಸಹೋದ್ಯೋಗಿಗಳ ಊಟದ ಡಬ್ಬಿಗಳ ನಡುವೆ ಅದು ಮತ್ತೆ ಮತ್ತೆ ತಲೆಯೆತ್ತುತ್ತದೆ. ಸಮಾಜಶಾಸ್ತ್ರಜ್ಞರು ಇದನ್ನು ಪ್ರಶ್ನಾವಳಿಗಳ ಮೂಲಕ ಅಳೆಯಲು ಯತ್ನಿಸುತ್ತಾರೆ. ಉತ್ತರ ಕೊಡುವವನು ಬಾಯಿ ಬಿಡದಿದ್ದರೆ ಪ್ರಶ್ನಾವಳಿ ಸೋಲುತ್ತದೆ. ಆತ್ಮಕಥನವು ಸಂಶೋಧನೆಯ ಆಕರವಾಗುವುದು ಇಲ್ಲಿಯೇ.

ಜಾನಪದ ಅಧ್ಯಯನ

ಮಾಲಗತ್ತಿಯವರ ಸಂಶೋಧನೆಯ ಬಹುಭಾಗ ಜಾನಪದಕ್ಕೆ ಸಂಬಂಧಿಸಿದೆ. ‘ಆಣೀಪೀಣಿ’, ‘ಜಾನಪದ ವ್ಯಾಸಂಗ’, ‘ಜಾನಪದ ಶೋಧ’, ‘ತುಳುವರ ಆಟಿ ಕಳಂಜ’, ‘ಪುರಾಣ ಜಾನಪದ ಮತ್ತು ದೇಶಿವಾದ’ ಈ ಕ್ಷೇತ್ರದ ಕೃತಿಗಳು. ಆಟಿ ಕಳಂಜವು ತುಳುನಾಡಿನಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ, ರೋಗರುಜಿನಗಳನ್ನು ಕಳೆಯಲೆಂದು ಮನೆಮನೆಗೆ ಬಂದು ಕುಣಿಯುವ ವೇಷ. ಅದನ್ನು ಕಟ್ಟುವವರು ನಲಿಕೆ ಸಮುದಾಯದವರು. ಊರಿನ ಮಾರಿಯನ್ನು ಕಳೆಯುವ ಹೊಣೆ ಸಮಾಜದ ಅಂಚಿನಲ್ಲಿರುವವರ ಹೆಗಲ ಮೇಲೆ ಏಕೆ ಬಿತ್ತು ಎಂಬ ಪ್ರಶ್ನೆಯನ್ನು ಇಂತಹ ಆಚರಣೆ ಯಾರಿಗಾದರೂ ಮುಂದಿಡುತ್ತದೆ.

ಹಲಸಂಗಿ ಗೆಳೆಯರ ತಲೆಮಾರಿಗೆ ಜಾನಪದವೆಂದರೆ ಮರೆಯಾಗುತ್ತಿರುವ ಚೆಲುವು. ಅದನ್ನು ಅವರು ಪ್ರೀತಿಯಿಂದ ಉಳಿಸಿಕೊಟ್ಟರು, ಅದಕ್ಕೆ ಕನ್ನಡ ಋಣಿ. ಅದೇ ಜಿಲ್ಲೆಯ ಕೇರಿಯಿಂದ ಬಂದ ಮಾಲಗತ್ತಿಯವರ ತಲೆಮಾರಿಗೆ ಹಬ್ಬ, ಹಾಡು ಮತ್ತು ಆಚರಣೆಗಳ ಒಳಗೆ ಯಾರು ಕುಣಿಯುತ್ತಾರೆ, ಯಾರು ಕುಳಿತು ನೋಡುತ್ತಾರೆ ಎಂಬುದೂ ಮುಖ್ಯವಾಯಿತು. ‘ಗೌರ್ಮೆಂಟ್ ಬ್ರಾಹ್ಮಣ’ದ ಓಕುಳಿಯ ಪ್ರಸಂಗವನ್ನು ಓದಿದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಮರ್ಶೆ

‘ದಲಿತ ಪ್ರಜ್ಞೆ: ಸಾಹಿತ್ಯ, ಸಮಾಜ ಮತ್ತು ಸಂಸ್ಕೃತಿ’, ‘ದಲಿತ ಸಾಹಿತ್ಯ ಪ್ರವೇಶಿಕೆ’ ಮೊದಲಾದ ಕೃತಿಗಳಲ್ಲಿ ಮಾಲಗತ್ತಿಯವರು ದಲಿತ ಸಾಹಿತ್ಯಕ್ಕೆ ಕನ್ನಡದಲ್ಲಿ ಒಂದು ಶಾಸ್ತ್ರೀಯ ನೆಲೆ ಒದಗಿಸಲು ಯತ್ನಿಸಿದರು. ದಲಿತ ಸಾಹಿತ್ಯವೆಂದರೆ ದಲಿತರ ಬಗ್ಗೆ ಬರೆದದ್ದೇ, ದಲಿತರು ಬರೆದದ್ದೇ, ದಲಿತ ಪ್ರಜ್ಞೆಯಿಂದ ಬರೆದದ್ದೇ ಎಂಬ ಪ್ರಶ್ನೆ 1980ರ ದಶಕದ ಕನ್ನಡ ವಿಮರ್ಶೆಯಲ್ಲಿ ಬಿಸಿಯಾದ ವಿಷಯವಾಗಿತ್ತು. ಹುಟ್ಟಿಗಿಂತ ಪ್ರಜ್ಞೆಗೆ ಒತ್ತು ಕೊಡುವುದು ಶೀರ್ಷಿಕೆಯಿಂದಲೇ ಸ್ಪಷ್ಟ. ವಿದ್ಯಾರ್ಥಿಗಳಿಗೆ ‘ಪ್ರವೇಶಿಕೆ’ ಹೆಚ್ಚು ಉಪಯುಕ್ತ.

ಜಾತಿ ಮತ್ತು ವರ್ಣಭೇದ

ದಲಿತ ಲೇಖಕರು ಅಮೆರಿಕದ ಕರಿಯರ ಸಾಹಿತ್ಯದಿಂದ ಸ್ಫೂರ್ತಿ ಪಡೆದರೂ ಜಾತಿ ಮತ್ತು ಜನಾಂಗ ಒಂದೇ ಅಲ್ಲ. ಅಂಬೇಡ್ಕರ್ ಅವರು 1948ರ ‘ದಿ ಅನ್‌ಟಚಬಲ್ಸ್’ ಗ್ರಂಥದಲ್ಲಿ ಅಸ್ಪೃಶ್ಯತೆಗೆ ಜನಾಂಗಭೇದವೇ ಮೂಲವೆಂಬ ಸಿದ್ಧಾಂತವನ್ನು ತಳ್ಳಿಹಾಕಿದ್ದರು. ಆದರೂ ಹುಟ್ಟಿನ ಆಧಾರದ ಮೇಲೆ ಶಾಲೆ ಮತ್ತು ಉದ್ಯೋಗಗಳಲ್ಲಿ ನಡೆಯುವ ತಾರತಮ್ಯಕ್ಕೆ ಎರಡರಲ್ಲೂ ಹೋಲಿಕೆಯಿದೆ. 2001ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ನಡೆದ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನದಲ್ಲಿ ಜಾತಿಯನ್ನೂ ಚರ್ಚಿಸಬೇಕೆಂದು ದಲಿತ ಸಂಘಟನೆಗಳು ಒತ್ತಾಯಿಸಿದವು. ಭಾರತ ಸರ್ಕಾರ ಒಪ್ಪಲಿಲ್ಲ. ಭಾರತೀಯರು ವಲಸೆ ಹೋದೆಡೆಗೆ ಜಾತಿಯೂ ಹೋಯಿತು. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ, ಕ್ಯಾಲಿಫೋರ್ನಿಯ ರಾಜ್ಯ ವಿಶ್ವವಿದ್ಯಾಲಯ 2022ರಲ್ಲಿ ತಮ್ಮ ತಾರತಮ್ಯ ನಿಷೇಧದ ನಿಯಮಗಳಿಗೆ ಜಾತಿಯನ್ನು ಸೇರಿಸಿದವು. 2023ರಲ್ಲಿ ಸಿಯಾಟಲ್ ನಗರವೂ ಜಾತಿ ತಾರತಮ್ಯವನ್ನು ನಿಷೇಧಿಸಿತು.

ಸಾಂಸ್ಕೃತಿಕ ಸಂಸ್ಥೆಗಳಲ್ಲಿ

2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಎಂ. ಎಂ. ಕಲಬುರ್ಗಿಯವರ ಹತ್ಯೆಯಾಯಿತು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದಿದ್ದ ವಿದ್ವಾಂಸರ ಕೊಲೆಯ ಬಗ್ಗೆ ಅಕಾಡೆಮಿ ಮೌನವಾಗಿದೆಯೆಂದು ದೇಶದ ಅನೇಕ ಲೇಖಕರು ಪ್ರಶಸ್ತಿಗಳನ್ನು ಹಿಂತಿರುಗಿಸಿದರು. ಆ ಸಂದರ್ಭದಲ್ಲಿ, 2015ರ ಅಕ್ಟೋಬರಿನಲ್ಲಿ, ಮಾಲಗತ್ತಿಯವರು ಅಕಾಡೆಮಿಯ ಸಾಮಾನ್ಯ ಮಂಡಳಿಯ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಸಿಂದಗಿ ತಾಲ್ಲೂಕಿನ ಹಿರಿಯರಿಗಾಗಿ ಮುದ್ದೇಬಿಹಾಳದ ಕಿರಿಯರು ತೋರಿದ ಪ್ರತಿಭಟನೆಯಾಗಿಯೂ ಜಿಲ್ಲೆಯ ಜನ ಅದನ್ನು ಕಾಣಬಹುದು. 2017ರಲ್ಲಿ ಅವರು ಕರ್ನಾಟಕ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿ ನೇಮಕಗೊಂಡರು. ಎರಡು ದಶಕಗಳ ಹಿಂದೆ ‘ಗೌರ್ಮೆಂಟ್ ಬ್ರಾಹ್ಮಣ’ಕ್ಕೆ ಬಹುಮಾನ ನೀಡಿದ್ದು ಇದೇ ಅಕಾಡೆಮಿ.

ಇತರ ಕೃತಿಗಳು

ಮೇಲೆ ಹೆಸರಿಸಿದವುಗಳಲ್ಲದೆ ‘ಮೂರನೇ ಕಣ್ಣು’, ‘ನಾದ ನಿನಾದ’, ‘ಸಿಲಿಕಾನ್ ಸಿಟಿ ಮತ್ತು ಕೋಗಿಲೆ’, ‘ಹೂ ಬಲು ಭಾರ’ ಎಂಬ ಕವನ ಸಂಕಲನಗಳೂ ‘ಚಂಡಾಲ ಸ್ವರ್ಗಾರೋಹಣಂ’ ಎಂಬ ಕಾವ್ಯವೂ ಪ್ರಕಟವಾಗಿವೆ. ‘ಮಸ್ತಕಾಭಿಷೇಕ’ ಮತ್ತು ‘ಸಮುದ್ರದೊಳಗಣ ಉಪ್ಪು’ ನಾಟಕಗಳು. ‘ಮುಗಿಯದ ಕಥೆಗಳು’ ಕಥಾ ಸಂಕಲನ. ‘ಚೀನಾದ ಧರಣಿಯಲ್ಲಿ’ ಪ್ರವಾಸ ಕಥನ.